ಓದುಗರ ಪ್ರಶ್ನೆ: ದ್ವೀಪದ ಕಬ್ಬಿಗೆ ಸರ್ಕಾರವೊಂದೇ ಗಿರಾಕಿಯಾದರೆ

ಪ್ರಶ್ನೆ: ಮಾನ್ಯರೆ, ನಾನೊಂದು ಕಾದಂಬರಿ ಬರೆಯುತ್ತಿದ್ದೇನೆ. ಹಿಂದೂ ಮಹಾಸಾಗರದಲ್ಲಿ ಕಬ್ಬು ಬೆಳೆಯುವ ದ್ವೀಪವೊಂದು ಬ್ರಿಟಿಷರಿಂದ ಬಿಡಿಸಿಕೊಂಡು, ನಿಜ ಇತಿಹಾಸದಲ್ಲಿ ನಡೆಯದ ರೀತಿಯಲ್ಲಿ, ಸಮಾಜವಾದಿ ಗಣರಾಜ್ಯವಾಗುತ್ತದೆ. ತೋಟದ ಒಡೆಯರು ಹೋದರು, ಗಿರಣಿಗಳು ಜನರ ಪಾಲಾದವು. ಆಮೇಲೆ ಸಂಘರ್ಷ ಎಲ್ಲಿಂದ ಹುಟ್ಟಬೇಕು? ವಿದೇಶಿ ಗೂಢಚಾರರನ್ನು ತರದೆ ಕಥೆ ನಡೆಯದು ಎನ್ನುತ್ತಾರೆ ಗೆಳೆಯರು.
— ಓದುಗರೊಬ್ಬರು, ಮಂಡ್ಯ

ಉತ್ತರ: ಗೂಢಚಾರರನ್ನು ಸದ್ಯಕ್ಕೆ ಬದಿಗಿಟ್ಟು, ನಿಮ್ಮ ಜಿಲ್ಲೆಯ ಕಬ್ಬಿನ ಗದ್ದೆಯನ್ನೇ ನೋಡಿ. ಬೆಳೆ ಹದಕ್ಕೆ ಬಂದರೂ ಕಾರ್ಖಾನೆಯಿಂದ ಕಟಾವಿಗೆ ಅನುಮತಿ ಸಿಗದೆ, ಕಬ್ಬು ಸೂಲಂಗಿ (ಹೂತೆನೆ) ಬಿಟ್ಟು, ಒಣಗಿ, ತೂಕ ಇಳಿಯತೊಡಗಿದಾಗ ರೈತ ಅದನ್ನು ಆಲೆಮನೆಗೆ ಸಾಗಿಸುತ್ತಾನೆ. ಬೆಲೆ ಕಡಿಮೆಯಾದರೂ ಕೈಗೆ ಕಾಸು ಬರುತ್ತದೆ. ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಕೊಡಬೇಕೆಂಬ ನಿಯಮವನ್ನು ಮುಂದಿಟ್ಟು ಬಾಕಿಗಾಗಿ ರಸ್ತೆಯಲ್ಲಿ ಕೂರುತ್ತಾನೆ, ನ್ಯಾಯಾಲಯಕ್ಕೂ ಹೋಗುತ್ತಾನೆ. ನಿಮ್ಮ ದ್ವೀಪದಲ್ಲಿ ಆಲೆಮನೆ ಇದೆಯೆ? ಕಬ್ಬು ಕೊಳ್ಳುವುದು, ತೂಗುವುದು, ಬೆಲೆ ಕಟ್ಟುವುದು, ಪತ್ರಿಕೆ ನಡೆಸುವುದು, ಕಾರ್ಮಿಕ ಸಂಘದ ಅಧ್ಯಕ್ಷರನ್ನು ಗೊತ್ತುಮಾಡುವುದು ಎಲ್ಲವೂ ಒಂದೇ ಸರ್ಕಾರದ ಕೈಯಲ್ಲಿದ್ದರೆ, ತೂಕದ ಮನೆಯ ಮುಂದಿನ ಸಣ್ಣ ತಕರಾರೂ ಕ್ರಾಂತಿಯ ವಿರುದ್ಧದ ಮಾತಾಗಿ ಕೇಳಿಸತೊಡಗುತ್ತದೆ. ನಿಮ್ಮ ಸಂಘರ್ಷ ಹುಟ್ಟುವುದು ಅಲ್ಲಿಂದಲೇ.

ಕ್ಯೂಬಾದಲ್ಲಿ ಇದು ನಡೆದ ಸಂಗತಿ. 1970ರ ಹಂಗಾಮಿಗೆ ಒಂದು ಕೋಟಿ ಟನ್ ಸಕ್ಕರೆಯ ಗುರಿ ಇಟ್ಟುಕೊಂಡು, ಬೇರೆ ಬೇರೆ ಉದ್ಯೋಗಗಳಲ್ಲಿದ್ದವರನ್ನೂ ಕಬ್ಬು ಕಡಿಯಲು ಹೊರಡಿಸಿದರು. ಕ್ರಿಸ್‌ಮಸ್ ರಜೆಯೂ ಹೋಯಿತು. ಕೈಗೆ ಬಂದದ್ದು ಸುಮಾರು 85 ಲಕ್ಷ ಟನ್. ಉಳಿದ ಕಸುಬುಗಳೆಲ್ಲ ಸೊರಗಿದವು. ಆ ಜುಲೈ 26ರಂದು ಫಿಡೆಲ್ ಕ್ಯಾಸ್ಟ್ರೊ ಜನರೆದುರು ಸೋಲೊಪ್ಪಿಕೊಂಡರು, ಆದರೆ ಆ ಗುರಿಯನ್ನು ಮೊದಲೇ ಪ್ರಶ್ನಿಸಿ ತಡೆಯಬಲ್ಲ ವಿರೋಧ ಪಕ್ಷವಾಗಲಿ ಸ್ವತಂತ್ರ ಸಂಘವಾಗಲಿ ಅಲ್ಲಿರಲಿಲ್ಲ.

ಇನ್ನೊಂದು ಬಿರುಕು ಇದಕ್ಕಿಂತ ಹಳೆಯದು, ನಿಮ್ಮ ಕಾದಂಬರಿಗೆ ಹೆಚ್ಚು ಒದಗುವುದೂ ಅದೇ ಎಂದು ನನ್ನ ಅನಿಸಿಕೆ. ಬ್ರಿಟಿಷರ ತೋಟಗಳಿದ್ದ ದ್ವೀಪವೆಂದರೆ ದೂರದಿಂದ ಕರೆತಂದ ಕೂಲಿಗಳು ಇದ್ದೇ ಇರುತ್ತಾರೆ. ಶ್ರೀಲಂಕಾದ ಚಹಾ ತೋಟಗಳ ತಮಿಳರಲ್ಲಿ ಹೆಚ್ಚಿನವರಿಗೆ 1948ರ ಕಾಯಿದೆ ಪೌರತ್ವ ಕೊಡಲಿಲ್ಲ. ಎಡಪಕ್ಷಗಳು ಆಗ ಅದನ್ನು ವಿರೋಧಿಸಿದ್ದವು. 1964ರಲ್ಲಿ ಅಲ್ಲಿನ ಪ್ರಧಾನಿ ಸಿರಿಮಾವೊ ಬಂಡಾರನಾಯಿಕೆ ಮತ್ತು ನಮ್ಮ ಶಾಸ್ತ್ರೀಜಿ ಮಾಡಿಕೊಂಡ ಒಪ್ಪಂದ, ಆ ಜನರನ್ನು 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಅಲ್ಲಿಗೆ ಎಂದು ಹಂಚಿತು. ಉಳಿದ ಒಂದೂವರೆ ಲಕ್ಷ ಜನರ ಮಾತನ್ನು ಮುಂದಕ್ಕೆ ಹಾಕಿತು. 1975ರಲ್ಲಿ ಕಂಪನಿಗಳ ತೋಟಗಳು ರಾಷ್ಟ್ರೀಕರಣಗೊಂಡಾಗ ಯಜಮಾನರು ಬದಲಾದರು, ಕೂಲಿಯವರು ತೋಟದ ಅದೇ ಸಾಲು ಕೋಣೆಗಳ ಲೈನ್ ಮನೆಗಳಲ್ಲಿ ಉಳಿದರು. 1956ರಲ್ಲಿ ಸಿಂಹಳವೊಂದನ್ನೇ ಆಡಳಿತ ಭಾಷೆ ಮಾಡುವುದನ್ನು ಸಂಸತ್ತಿನಲ್ಲಿ ಗಟ್ಟಿಯಾಗಿ ವಿರೋಧಿಸಿದ್ದ ಎಡಪಂಥೀಯ ನಾಯಕ ಕಾಲ್ವಿನ್ ಆರ್. ಡಿ ಸಿಲ್ವ, ಅದೇ ಭಾಷೆಗೆ ಸಂವಿಧಾನದ ಮುದ್ರೆ ಒತ್ತಿದ 1972ರ ಸಂವಿಧಾನದ ಹೊಣೆ ಹೊತ್ತ ಸಚಿವರಾಗಿದ್ದರು. ಅಂಥ ಮನುಷ್ಯನೊಬ್ಬನ ಮನಸ್ಸಿನೊಳಗೆ ಹೊಗಲು ಯತ್ನಿಸಿ. ಸಭೆಗಳಲ್ಲಿ ಸಮಾನತೆಯ ಮಾತು ನಡೆಯುವಾಗ ಅದು ಯಾರ ಭಾಷೆಯಲ್ಲಿ ನಡೆಯುತ್ತದೆ, ಕಬ್ಬು ಕಡಿಯುವವನ ಮಗಳಿಗೆ ಪಡಿತರ ಚೀಟಿ ಯಾವ ಲಿಪಿಯಲ್ಲಿ ಬರುತ್ತದೆ ಎಂಬುದನ್ನು ಬರೆದರೆ ನಿಮಗೆ ಖಳನಾಯಕನ ಅಗತ್ಯವೇ ಬೀಳುವುದಿಲ್ಲ.

ಪ್ರಶ್ನೆ: ಸಣ್ಣ ದ್ವೀಪಗಳ ಸಮಾಜವಾದವನ್ನು ಮುಗಿಸಿದ್ದು ಹೊರಗಿನ ಶಕ್ತಿಗಳೇ ಅಲ್ಲವೆ? ಗ್ರೆನಡಾ ಇದಕ್ಕೆ ಸಾಕ್ಷಿಯಲ್ಲವೆ?
— ವಿದ್ಯಾರ್ಥಿನಿ, ಮೈಸೂರು

ಉತ್ತರ: ಅರ್ಧ ಸಾಕ್ಷಿ. ಕೆರಿಬಿಯನ್ ಸಮುದ್ರದ, ಸುಮಾರು ಒಂದು ಲಕ್ಷ ಜನರ ಆ ದ್ವೀಪಕ್ಕೆ 1983ರ ಅಕ್ಟೋಬರ್ 25ರಂದು ಅಮೆರಿಕದ ಸೇನೆ ನುಗ್ಗಿತು. ಅದು ಅನ್ಯಾಯವೇ. ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 108 ದೇಶಗಳು ಅದನ್ನು ಅಂತರರಾಷ್ಟ್ರೀಯ ಕಾನೂನಿನ ಉಲ್ಲಂಘನೆಯೆಂದು ಖಂಡಿಸಿದವು. ಆದರೆ ಪ್ರಧಾನಿ ಮಾರಿಸ್ ಬಿಷಪ್ ಅವರನ್ನು ಅದಕ್ಕೆ ಆರು ದಿನ ಮೊದಲೇ ಗುಂಡಿಟ್ಟು ಕೊಂದದ್ದು ಅವರದೇ ಸರ್ಕಾರದ ಸೈನಿಕರು. ಅಧಿಕಾರವನ್ನು ಉಪಪ್ರಧಾನಿ ಬರ್ನಾರ್ಡ್ ಕೋರ್ಡ್ ಜೊತೆ ಹಂಚಿಕೊಳ್ಳಬೇಕೆಂಬ ವಾದ ಪಕ್ಷದ ಕೇಂದ್ರ ಸಮಿತಿಯ ಮುಚ್ಚಿದ ಬಾಗಿಲೊಳಗೇ ನಡೆದು, ಬಿಷಪ್ ಗೃಹಬಂಧನಕ್ಕೊಳಗಾದಾಗ, ಜನರಿಗೆ ತಮ್ಮ ಅಭಿಪ್ರಾಯ ಹೇಳಲು ಬೀದಿಯೊಂದೇ ಉಳಿದಿತ್ತು. ಜನರು ಸಾವಿರಗಟ್ಟಲೆ ಬಂದು ಬಿಷಪ್ ಅವರನ್ನು ಬಿಡಿಸಿಕೊಂಡು ಕೋಟೆಗೆ ಕರೆದೊಯ್ದರು. ಸೈನ್ಯ ಅಲ್ಲಿಗೆ ಬಂದು ಗುಂಡು ಹಾರಿಸಿತು.

1979ರಲ್ಲಿ ಅಧಿಕಾರ ಹಿಡಿದ ಮೇಲೆ ಆ ಸರ್ಕಾರ ಉಚಿತ ವೈದ್ಯಕೀಯ ಸೌಲಭ್ಯ ತಂದಿತು, ಅಕ್ಷರ ಕಲಿಸಿತು. ಜನರ ಪ್ರೀತಿ ಸುಮ್ಮನೆ ಬಂದದ್ದಲ್ಲ. ಆದರೆ ಚುನಾವಣೆ ನಡೆಸಲಿಲ್ಲ, ಅದೇ ವರ್ಷ ಟಾರ್ಚ್‌ಲೈಟ್ ಪತ್ರಿಕೆಯನ್ನು ಮುಚ್ಚಿಸಿತು. ಬಿಷಪ್ ತಾವೇ ಬಂದಿಯಾದಾಗ ಅವರ ಪರವಾಗಿ ಮತ ಹಾಕಬಹುದಾಗಿದ್ದ ಮತಪೆಟ್ಟಿಗೆ ಆ ದ್ವೀಪದಲ್ಲಿ ಇರಲಿಲ್ಲ.