ಸೇನೆಗೆ ಆಮೇಲೆ ಬರೆಯಿರಿ, ಮೊದಲು ಅಪ್ಪನ ಟೆಸ್ಟ್ ಮಾಡಿಸಿ

ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿಗೆ ಬಂದಿದ್ದ, ಹೆಸರೇ ಗೊತ್ತಿಲ್ಲದ ಸೋಲ್ಜರ್ ನಿಮ್ಮ ತಾತ. ಅಪ್ಪನಿಗೆ 80 ಆಯಿತು, ಅವರಿಗೆ ತೊಂದರೆ ಬೇಡ, ಸೇನೆಯ ದಾಖಲೆ ಕೇಳಿ ಬರೆಯಲಾ ಅಥವಾ ನಾನೇ ಡಿಎನ್‌ಎ ಟೆಸ್ಟ್ ಮಾಡಿಸಲಾ ಅಂತ ಕೇಳಿದ್ದೀರಿ. ಓದಿ ಎದೆ ಧಸಕ್ಕೆಂದಿತು. "ಅಮ್ಮನಿಗೆ ಯಾಕೆ ತೊಂದರೆ" ಅಂತ 2017ರಲ್ಲಿ ನಾನೂ ಹೇಳಿದ್ದೆ.

ನಮ್ಮ ಅಜ್ಜಿ 1944ರಲ್ಲಿ ಬ್ಲ್ಯಾಕ್‌ಪಲ್ಲಿಯ, ಅಂದರೆ ಈಗಿನ ಶಿವಾಜಿನಗರದ, ಒಂದು ಟೈಲರ್ ಅಂಗಡಿಗೆ ಗುಂಡಿ, ಕಾಜಾ ಹಾಕಿಕೊಡುತ್ತಿದ್ದರು. ಅಮ್ಮ ಹುಟ್ಟಿದ್ದು 1945ರ ಜುಲೈನಲ್ಲಿ. ಅಪ್ಪನ ಹೆಸರನ್ನು ಅಜ್ಜಿ ಕೊನೆಯವರೆಗೂ ಹೇಳಲಿಲ್ಲ. ಉಳಿದದ್ದು ಅಂಗೈ ಅಗಲದ ಒಂದು ಫೋಟೊ. ಮನೆಯಲ್ಲಿ ಎಲ್ಲರೂ "ಇಂಗ್ಲಿಷ್ ಸೋಲ್ಜರ್" ಅಂತಲೇ ಹೇಳುತ್ತಿದ್ದರು, ನಾನೂ ನಂಬಿದ್ದೆ.

ಒಂದು ದಿನ ಭೂತಗನ್ನಡಿ ಹಿಡಿದು ನೋಡಿದೆ. ಎಡತೋಳಿನ ಮೇಲೆ ಗುರಾಣಿ ಆಕಾರದ ಒಂದು ಪಟ್ಟಿ. ಕೆಳಗೆ ಉದ್ದುದ್ದ ಗೆರೆಗಳು, ಮೇಲೆ ಒಂದು ಕಡೆ ಸೂರ್ಯ, ಇನ್ನೊಂದು ಕಡೆ ನಕ್ಷತ್ರ. ಅದು ಚೀನಾ-ಬರ್ಮಾ-ಭಾರತ ರಣರಂಗದಲ್ಲಿದ್ದ ಅಮೆರಿಕನ್ನರ ಗುರುತು. ಇಂಗ್ಲಿಷರದ್ದಲ್ಲ. ಹೊಲಿಗೆ ಸ್ವಲ್ಪ ಸೊಟ್ಟಗಿತ್ತು, ಕೈಯಲ್ಲಿ ಹೊಲಿದದ್ದು. ಆಗ ಅಂಥ ಪಟ್ಟಿಗಳನ್ನು ಎಷ್ಟೋ ಸೈನಿಕರು ಇಲ್ಲಿನ ಟೈಲರ್‌ಗಳ ಹತ್ತಿರವೇ ಹೊಲಿಸಿಕೊಳ್ಳುತ್ತಿದ್ದರು. ಅದನ್ನು ಹೊಲಿದದ್ದು ಅಜ್ಜಿಯೇ ಅಂತ ನನ್ನ ನಂಬಿಕೆ.

ಬೆಂಗಳೂರಿನಲ್ಲಿ ಅಮೆರಿಕನ್ನರು ಎಲ್ಲಿಂದ ಬಂದರು ಅಂತೀರಾ? ಈಗ ನಾವು ಎಚ್‌ಎಎಲ್ ಅನ್ನುವ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು 1943ರಲ್ಲಿ ಅಮೆರಿಕದ ಆರ್ಮಿ ಏರ್ ಫೋರ್ಸಸ್ ವಹಿಸಿಕೊಂಡಿತು. ಅದು 84ನೇ ಏರ್ ಡಿಪೋ ಆಯಿತು, ವಿಮಾನಗಳನ್ನು ಬಿಚ್ಚಿ ರಿಪೇರಿ ಮಾಡುವ ಜಾಗ. ನಿಮ್ಮ ಮನೆಯಲ್ಲಿ ಫೋಟೊ ಇದ್ದರೆ ಮುಖ ಬಿಟ್ಟು ಮೊದಲು ತೋಳು ನೋಡಿ.

ಈಗ ನನ್ನ ತಪ್ಪು.

ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗಳು ಆ ವರ್ಷ ರಜೆಗೆ ಬಂದಾಗ ಟೆಸ್ಟ್ ಕಿಟ್ ತಂದುಕೊಟ್ಟಳು. ಒಂದೇ ಒಂದು ಕಿಟ್. ಅಮ್ಮನನ್ನು ಕೇಳಿದೆ. "ಸತ್ತವರನ್ನು ಯಾಕೆ ಎಬ್ಬಿಸ್ತೀಯ, ಬಿಡು" ಅಂದರು. ಸರಿ ಅಂತ ನಾನೇ ಟ್ಯೂಬಿಗೆ ಉಗುಳಿ ಕಳಿಸಿದೆ. ಮಗನಾದರೇನು, ತಾಯಿಯಾದರೇನು, ರಕ್ತ ಒಂದೇ ತಾನೆ ಅಂದುಕೊಂಡಿದ್ದೆ. ಒಂದೇ ಅಲ್ಲ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ದಯವಿಟ್ಟು ಹಾರಿಸದೆ ಓದಿ.

ತಾತನ ಹತ್ತಿರ 100 ಬಳೆಚೂರು ಇದ್ದವು ಅಂತಿಟ್ಟುಕೊಳ್ಳಿ, ಒಂದೊಂದೂ ಒಂದೊಂದು ಬಣ್ಣ. ಅಮ್ಮನಿಗೆ ಬಂದದ್ದು 50. ಆ 50ರಲ್ಲಿ ನನಗೆ ಬಂದದ್ದು ಸುಮಾರು 25. ಉಳಿದ 25 ನನ್ನ ಮೈಯಲ್ಲಿ ಎಲ್ಲೂ ಇಲ್ಲ. ಅಮೆರಿಕದಲ್ಲಿರುವ ತಾತನ ದೂರದ ನೆಂಟರ ಹತ್ತಿರ ಅವೇ ಬಣ್ಣದ ಚೂರು ನಾಲ್ಕೋ ಐದೋ ಇರುತ್ತವೆ. ಟೆಸ್ಟ್ ಮಾಡುವುದು ಇಷ್ಟೇ: ನಿಮ್ಮ ಚೂರು, ಅಲ್ಲೇ ಟೆಸ್ಟ್ ಮಾಡಿಸಿದ ಬೇರೆಯವರ ಚೂರು ಪಕ್ಕದಲ್ಲಿಟ್ಟು ಬಣ್ಣ ಹೊಂದುತ್ತಾ ನೋಡಿ, ಹೊಂದಿದವರ ಹೆಸರಿನ ಪಟ್ಟಿ ಕೊಡುತ್ತದೆ. ತಾತನ ನೆಂಟರ ಚೂರುಗಳು ನನಗೆ ಬಾರದ 25ರಲ್ಲಿದ್ದರೆ ಆ ನೆಂಟರು ನನ್ನ ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ. ಅಮ್ಮನ ಪಟ್ಟಿಯಲ್ಲಿ ಕಾಣಿಸುತ್ತಿದ್ದರು. ಕಾಣಿಸಿದವರೂ ನನಗೆ ಅಮ್ಮನಿಗಿಂತ ಒಂದು ತಲೆಮಾರು ದೂರ. ಅಮ್ಮನಿಗೆ ಯಾವ ಕಡೆಯ ನೆಂಟ ಅಂತ ತಿಳಿಯುವಂತಿದ್ದವನು ನನಗೆ ಬರೀ "ದೂರದ ಸಂಬಂಧಿ". ಅಂಥ ದೂರದ ಸಂಬಂಧಿಗಳ ಹೆಸರನ್ನೇ ಎರಡೂವರೆ ವರ್ಷ ತಿರುವಿ ಹಾಕಿದೆ.

ಆ ಎರಡೂವರೆ ವರ್ಷವೂ ಅಮ್ಮ ನನ್ನ ಜೊತೆಗೇ ಇದ್ದರು. ನಾನು ಫೋನ್ ಹಿಡಿದು ಕೂತಾಗಲೆಲ್ಲ ಅಡುಗೆಮನೆಯಿಂದ ಕೇಳುತ್ತಿದ್ದರು: "ಏನಾದ್ರೂ ಬಂತಾ?" ಬೇಡ ಅಂದವರು ಯಾಕೆ ಕೇಳುತ್ತಿದ್ದಾರೆ ಅಂತ ನನಗೆ ಹೊಳೆಯಲೇ ಇಲ್ಲ. ಇನ್ನೊಂದು ಸಲ ಕೇಳಿದ್ದರೆ ಹೂಂ ಅನ್ನುತ್ತಿದ್ದರು. 2020ರ ಫೆಬ್ರವರಿಯಲ್ಲಿ ಅಮ್ಮ ಹೋದರು. ಆ 25 ಚೂರೂ ಅವರ ಜೊತೆ ಮಣ್ಣಿಗೆ ಹೋದವು.

ಆಮೇಲೆ ದಾರಿ ಸಿಕ್ಕಿದ್ದು ತಮ್ಮನಿಂದ. ಒಡಹುಟ್ಟಿದವರಿಗೆ ಬರುವ ಚೂರುಗಳು ಒಂದೇ ಇರುವುದಿಲ್ಲ. ಇಬ್ಬರದ್ದೂ ಸೇರಿದರೆ ಅಮ್ಮನದ್ದು ಸುಮಾರು ಮುಕ್ಕಾಲು ಭಾಗ ಸಿಗುತ್ತದೆ. 2021ರಲ್ಲಿ ಅವನ ಪಟ್ಟಿ ಬಂದಾಗ ಅದರಲ್ಲಿ ನನ್ನಲ್ಲಿಲ್ಲದ ಒಂದು ಹೆಸರಿತ್ತು, ಪೆನ್ಸಿಲ್ವೇನಿಯಾದ ಒಬ್ಬ ಮುದುಕಿ. ಅಲ್ಲಿಂದ ನಾಲ್ಕು ತಿಂಗಳು ಅಲ್ಲಿನ ಪತ್ರಿಕೆಗಳ ನಿಧನವಾರ್ತೆ ಓದಿದೆ. ಸತ್ತವರ ಮಕ್ಕಳು, ಮೊಮ್ಮಕ್ಕಳು, ಸೊಸೆಯಂದಿರ ಹೆಸರನ್ನೆಲ್ಲ ಅದರಲ್ಲಿ ಬರೆದಿರುತ್ತಾರೆ. ಕೊನೆಗೆ ಒಂದೇ ಮನೆಯ ಮೂವರು ಅಣ್ಣತಮ್ಮಂದಿರು ಉಳಿದರು. ಒಬ್ಬನ ನಿಧನವಾರ್ತೆಯಲ್ಲಿ "ಯುದ್ಧಕಾಲದಲ್ಲಿ ಭಾರತದಲ್ಲಿ ವಿಮಾನ ಮೆಕ್ಯಾನಿಕ್" ಅಂತಿತ್ತು. ಅವನ ಮೊಮ್ಮಗಳು ಟೆಸ್ಟ್ ಮಾಡಿಸಲು ಒಪ್ಪಿದಳು, ಹೊಂದಿತು.

ಯುದ್ಧ ಮುಗಿದ ಮೇಲೆ ಊರಿನಲ್ಲಿ ಅವನಿಗೆ ಮದುವೆಯಾಗಿ ಒಬ್ಬಳು ಮಗಳು ಹುಟ್ಟಿದ್ದಳು. ಅಮ್ಮನ ತಂಗಿ. ತನಗೆ ಒಡಹುಟ್ಟಿದವರು ಯಾರೂ ಇಲ್ಲ ಅಂತ ಅಮ್ಮ ಯಾವಾಗಲೂ ಹೇಳುತ್ತಿದ್ದರು. ಆ ತಂಗಿ 2019ರ ತನಕ ಬದುಕಿದ್ದಳು.

ಅದಕ್ಕೇ ಹೇಳುತ್ತಿದ್ದೇನೆ, ನಿಮ್ಮ ಪ್ರಶ್ನೆಯಲ್ಲೇ ಎಡವಟ್ಟಿದೆ. ಸೇನೆಯೋ ನೀವೋ ಅಂತ ಕೇಳಿದ್ದೀರಿ. ಎರಡೂ ಅಲ್ಲ, ನಿಮ್ಮ ಅಪ್ಪ. ಸೈನಿಕರ ಕಡತ ಇರುವುದು ಹೆಸರಿನ ಮೇಲೆ. ಹೆಸರಿಲ್ಲದೆ ಬರೆದರೆ ಯಾರೂ ಏನೂ ಮಾಡೋಕಾಗಲ್ಲ. ಅದೂ ಅಲ್ಲದೆ, ಅಮೆರಿಕದವನಾದರೆ ಹೆಸರು ಸಿಕ್ಕರೂ ಕಡತ ಸುಟ್ಟುಹೋಗಿರುವ ಸಾಧ್ಯತೆಯೇ ಜಾಸ್ತಿ. 1973ರ ಜುಲೈ 12ರಂದು ಸೇಂಟ್ ಲೂಯಿಸ್‌ನ ದಾಖಲೆ ಕಟ್ಟಡಕ್ಕೆ ಬೆಂಕಿ ಬಿತ್ತು. 1912ರಿಂದ 1960ರ ನಡುವೆ ಸೇನೆಯಿಂದ ಬಿಡುಗಡೆಯಾದವರ ಕಡತಗಳಲ್ಲಿ ಶೇಕಡಾ 80ರಷ್ಟು ಹೋದವು. ಆಗ ವಾಯುಪಡೆಯೂ ಸೇನೆಯೊಳಗೇ ಇತ್ತಲ್ವಾ, ನಮ್ಮ ತಾತನದ್ದೂ ಅದರಲ್ಲೇ ಹೋಗಿತ್ತು. ಕೊನೆಯ ಸಂಬಳದ ಒಂದು ಹಾಳೆ ಮಾತ್ರ ಬಂತು. ಅದರಲ್ಲಿ ಅವನ ಸಹಿ ಇದೆ.

ಡಿಎನ್‌ಎ ಟೆಸ್ಟ್ ಮಾಡುವ ಆನ್ಸೆಸ್ಟ್ರಿ ಕಂಪನಿಯಲ್ಲೇ ಮೊದಲು ಮಾಡಿಸಿ. ಜನ ಜಾಸ್ತಿ ಇರುವುದು ಅಲ್ಲಿ. ಬೇರೆ ಕಡೆ ಮಾಡಿಸಿದ ಫಲಿತಾಂಶವನ್ನು ಅವರು ತೆಗೆದುಕೊಳ್ಳುವುದಿಲ್ಲ, ಆದರೆ ಅಲ್ಲಿನದನ್ನು ಇಳಿಸಿಕೊಂಡು, ಬೇರೆ ಬೇರೆ ಕಂಪನಿಗಳಲ್ಲಿ ಮಾಡಿಸಿದವರ ಫಲಿತಾಂಶ ಹೋಲಿಸುವ ವೆಬ್‌ಸೈಟ್ ಜೆಡ್‌ಮ್ಯಾಚ್‌ಗೆ ಹಾಕಬಹುದು. ನಿಮ್ಮ ಅಜ್ಜಿಯ ಕಡೆಯವರೆಲ್ಲ ಇಲ್ಲಿನವರೇ ಆಗಿದ್ದರೆ ಒಂದು ದೊಡ್ಡ ಅನುಕೂಲ ಇದೆ: ಪಟ್ಟಿಯಲ್ಲಿ ಬರುವ ಬಿಳಿಯರೆಲ್ಲ ಹೆಚ್ಚುಕಡಿಮೆ ಆ ಸೋಲ್ಜರ್ ಕಡೆಯವರೇ. ನನಗಿಲ್ಲದ ಇನ್ನೊಂದು ಅನುಕೂಲವೂ ನಿಮಗಿದೆ. ನಿಮ್ಮದು ಅಪ್ಪನ ಕಡೆ. ಆ ಸೋಲ್ಜರ್‌ನ ವೈ ಕ್ರೋಮೋಸೋಮ್, ಅಂದರೆ ಅಪ್ಪನಿಂದ ಮಗನಿಗೆ ಮಾತ್ರ ಹೋಗುವ ಡಿಎನ್‌ಎ ತುಣುಕು, ಹೆಚ್ಚೇನೂ ಬದಲಾಗದೆ ನಿಮ್ಮ ಅಪ್ಪನಲ್ಲಿದೆ. ಬಿಳಿಯರಲ್ಲಿ ಮನೆತನದ ಹೆಸರೂ ಅಪ್ಪನಿಂದ ಮಗನಿಗೇ ಬರುವುದರಿಂದ, ಇನ್ನೊಂದು ಕಂಪನಿ ಫ್ಯಾಮಿಲಿ ಟ್ರೀ ಡಿಎನ್‌ಎಯ ವೈ ಟೆಸ್ಟಿನಲ್ಲಿ ಆ ಹೆಸರಿನ ಸುಳಿವೂ ಸಿಗಬಹುದು.

ಬಿಟ್ಟು ಓಡಿಹೋದವನನ್ನು ಯಾಕೆ ಹುಡುಕಬೇಕು ಅಂತ ಅಪ್ಪ ಕೇಳಬಹುದು. ನಮ್ಮ ಮನೆಯಲ್ಲೂ ಆ ಮಾತು ಬಂದಿತ್ತು. ಹೊರದೇಶದಲ್ಲಿದ್ದ ಅಮೆರಿಕನ್ ಸೈನಿಕ ಮದುವೆಯಾಗಬೇಕಾದರೆ ಮೇಲಧಿಕಾರಿಯ ಒಪ್ಪಿಗೆ ಬೇಕಿತ್ತು. ಭಾರತೀಯರು ಅಲ್ಲಿಗೆ ಹೋಗಿ ನೆಲೆಸುವುದಕ್ಕೆ 1917ರಿಂದ ಬಾಗಿಲು ಮುಚ್ಚಿತ್ತು. 1946ರ ಜುಲೈನಲ್ಲಿ ತೆರೆದಾಗಲೂ ವರ್ಷಕ್ಕೆ ಬರೀ 100 ಜನಕ್ಕೆ. ಅಷ್ಟೊತ್ತಿಗೆ ಅಮ್ಮನಿಗೆ ಒಂದು ವರ್ಷ ತುಂಬಿತ್ತು. ಅವನಿಗೆ ಮನಸ್ಸಿತ್ತೋ ಇಲ್ಲವೋ, ದಾರಿಯಂತೂ ಇರಲಿಲ್ಲ. ಇದನ್ನು ಅಪ್ಪನಿಗೆ ಹೇಳಿ. ಬೇಡ ಅಂದರೆ ಒಂದು ವಾರ ಬಿಟ್ಟು ಮತ್ತೆ ಕೇಳಿ.

ಉಗುಳುವ ಅರ್ಧ ಗಂಟೆ ಮೊದಲು ಏನೂ ತಿನ್ನುವಂತಿಲ್ಲ, ಕುಡಿಯುವಂತಿಲ್ಲ. ಬೆಳಿಗ್ಗೆ ಕಾಫಿಗೆ ಮೊದಲೇ ಕೂರಿಸಿ. ವಯಸ್ಸಾದವರಿಗೆ ಬಾಯಿ ಒಣಗಿರುತ್ತದೆ, ಟ್ಯೂಬಿನ ಗೆರೆ ಮುಟ್ಟುವುದಕ್ಕೆ ಹೊತ್ತು ಹಿಡಿಯುತ್ತದೆ, ಅವಸರ ಮಾಡಬೇಡಿ. ಪಕ್ಕದಲ್ಲಿ ಕೂತು ಹುಣಸೆಕಾಯಿಗೆ ಉಪ್ಪು ಹಚ್ಚಿ ತಿನ್ನುತ್ತಿದ್ದ ದಿನಗಳ ಮಾತು ತೆಗೆಯಿರಿ, ಬಾಯಲ್ಲಿ ತಾನಾಗಿ ನೀರೂರುತ್ತದೆ.