ಶಾಂತವಾಗಿ ಬಿಡಿಸಿ ಹೇಳಿದಷ್ಟೂ ಮಗಳ ರಚ್ಚೆ ಜಾಸ್ತಿಯಾಗುತ್ತಿದೆ, ಏನು ಮಾಡಲಿ?

ಮಗಳಿಗೆ ನಾಲ್ಕು ವರ್ಷ, ಮನೆಯಲ್ಲಿ ಯಾರೂ ಹೊಡೆಯುವುದಿಲ್ಲ, ಕೂಗಾಡುವುದಿಲ್ಲ, ಎಲ್ಲವನ್ನೂ ಮೆತ್ತಗೆ ಬಿಡಿಸಿ ಹೇಳುತ್ತೀರಿ, ಆದರೂ ಅವಳು ಕಿರುಚುವುದು ನಿಂತಿಲ್ಲ ಎಂದು ಬರೆದಿದ್ದೀರಿ. ಒಂದು ಕಾಲಕ್ಕೆ ನಾನೇ ಕೇಳಬಹುದಾಗಿದ್ದ ಪ್ರಶ್ನೆ ಇದು. ಹಾಗಾಗಿ ನೇರವಾಗಿ ಹೇಳಿಬಿಡುತ್ತೇನೆ: ನೀವು ಮಾತು ಜಾಸ್ತಿ ಆಡುತ್ತಿದ್ದೀರಿ, ಅದೂ ಆಡಬಾರದ ಹೊತ್ತಿನಲ್ಲಿ.

ಚಪ್ಪಲಿಯ ಪಟ್ಟಿ ತಾನೇ ಹಾಕಿಕೊಳ್ಳಬೇಕು ಅಂತ ನನ್ನ ಮಗ ಕೂತಿದ್ದ. ಹೊರಡುವ ಅವಸರಕ್ಕೆ ನಾನು ಹಾಕಿಬಿಟ್ಟೆ. ಅವನು ಕಿತ್ತೆಸೆದು ನೆಲದ ಮೇಲೆ ಹೊರಳಾಡಿದ. ನಾನು ಪಕ್ಕದಲ್ಲಿ ಕೂತು, ಸ್ವಲ್ಪವೂ ದನಿ ಏರಿಸದೆ, ಯಾಕೆ ಬೇಗ ಹೊರಡಬೇಕು, ತಡವಾದರೆ ಏನಾಗುತ್ತದೆ, ನಾಳೆ ನೀನೇ ಹಾಕಿಕೋ ಎಂದು ಒಂದಾದ ಮೇಲೊಂದು ಕಾರಣ ಕೊಡುತ್ತಾ ಹೋದೆ. ಒಂದೊಂದು ಕಾರಣಕ್ಕೂ ಅಳು ಇನ್ನಷ್ಟು ಏರಿತು. ಕೊನೆಗೆ ಅವನು ಎರಡೂ ಕಿವಿ ಮುಚ್ಚಿಕೊಂಡ. ಅದನ್ನು ಉದ್ಧಟತನ ಅಂದುಕೊಂಡು ನಾನು ಇನ್ನೂ ವಿವರಿಸಿದೆ. ತಿಂಗಳುಗಟ್ಟಲೆ ಇದೇ ನಡೆಯಿತು. ಆಮೇಲೆ ಬೇಜಾರಾದರೆ ಅವನು ನನ್ನ ಹತ್ತಿರ ಬರುವುದನ್ನೇ ಬಿಟ್ಟ, ಬಾಗಿಲ ಹಿಂದೆ ನಿಂತು ಅಳತೊಡಗಿದ.

ಆ ತಪ್ಪನ್ನು ಸ್ವಲ್ಪ ಬಿಡಿಸಿ ನೋಡಬೇಕು, ಯಾಕೆಂದರೆ ಮೇಲ್ನೋಟಕ್ಕೆ ಅದು ಒಳ್ಳೆಯ ಪೋಷಣೆಯಂತೆಯೇ ಕಾಣುತ್ತದೆ. ಯೋಚಿಸುವುದು, ತಡೆದುಕೊಳ್ಳುವುದು, ಕಾರಣ ತೂಗುವುದು ಇವೆಲ್ಲಕ್ಕೂ ಬೇಕಾದ ಮಿದುಳಿನ ಮುಂಭಾಗ ಪೂರ್ತಿ ಬೆಳೆಯುವ ಹೊತ್ತಿಗೆ ವಯಸ್ಸು 25ರ ಆಸುಪಾಸಿಗೆ ಬಂದಿರುತ್ತದೆ. ನಾಲ್ಕು ವರ್ಷದ ಮಗುವಿಗೆ ಸಿಟ್ಟು ನೆತ್ತಿಗೇರಿದಾಗ ಇರುವ ಅಷ್ಟಿಷ್ಟು ಸಾಮರ್ಥ್ಯವೂ ಕೈಗೆ ಸಿಗುವುದಿಲ್ಲ. ಆಗ ನಿಮ್ಮ ಮಾತು ಅವಳಿಗೆ ಇನ್ನೊಂದು ಗದ್ದಲ ಅಷ್ಟೇ. ಎರಡನೆಯದು, ಕಾರಣ ಕೊಟ್ಟರೆ ವಾದಕ್ಕೆ ಜಾಗ ಕೊಟ್ಟಂತೆ. ಅಪ್ಪ ಅಮ್ಮ ಇಷ್ಟೆಲ್ಲ ಹೇಳುತ್ತಿದ್ದಾರೆಂದರೆ ವಿಷಯ ಇನ್ನೂ ತೀರ್ಮಾನವಾಗಿಲ್ಲ ಎಂದು ಮಗು ತಿಳಿಯುತ್ತದೆ. ಎದುರು ವಾದ ಮಂಡಿಸಲು ಅದರ ಹತ್ತಿರ ಇರುವುದು ಅಳು ಒಂದೇ. ಮೂರನೆಯದು ಒಪ್ಪಿಕೊಳ್ಳಲು ಕಷ್ಟ: ನಾವು ವಿವರಿಸುವುದು ಬಹಳ ಸಲ ಮಗುವಿಗಾಗಿ ಅಲ್ಲ, ಆ ಅಳು ನಮಗೆ ತಡೆಯಲಾಗದೆ. ಮಕ್ಕಳಿಗೆ ಅದು ಗೊತ್ತಾಗುತ್ತದೆ. ಮಾತು ಮೆತ್ತಗಿದ್ದು ದವಡೆ ಬಿಗಿದಿದ್ದರೆ ಅವರು ನೋಡುವುದು ದವಡೆಯನ್ನು.

ನಿಮ್ಮ ಪ್ರಶ್ನೆಯ ಇನ್ನೊಂದು ಮಾತನ್ನು ನಾನು ಒಪ್ಪುವುದಿಲ್ಲ. ರಚ್ಚೆ ಹಿಡಿಯದ ಮಗುವೇ ಭಾವನಾತ್ಮಕವಾಗಿ ಜಾಣ ಮಗು ಎಂಬಂತೆ ಬರೆದಿದ್ದೀರಿ. ಮನಶ್ಶಾಸ್ತ್ರಜ್ಞರಾದ ಪೀಟರ್ ಸಲೋವಿ ಮತ್ತು ಜಾನ್ ಮೇಯರ್ 1990ರಲ್ಲಿ ಈ ಜಾಣತನವನ್ನು ವಿವರಿಸಿದಾಗ, ತನ್ನ ಮತ್ತು ಇತರರ ಭಾವನೆಗಳನ್ನು ಗಮನಿಸುವುದು, ಒಂದರಿಂದ ಇನ್ನೊಂದನ್ನು ಬೇರ್ಪಡಿಸಿ ಗುರುತಿಸುವುದು, ಆ ತಿಳಿವಳಿಕೆಯನ್ನು ಯೋಚನೆಗೂ ನಡೆಗೂ ಬಳಸುವುದು ಎಂದರು. ಸಿಟ್ಟೇ ಬರಬಾರದು ಎಂಬುದು ಅದರಲ್ಲಿ ಎಲ್ಲೂ ಇಲ್ಲ. ಅಳು ನುಂಗಿಕೊಂಡು ಸುಮ್ಮನಾಗುವ ಮಗುವನ್ನು ನೋಡಿ ಖುಷಿಪಡಬೇಡಿ. ಈ ವಯಸ್ಸಿಗೆ ರಚ್ಚೆ ಸಹಜ. ಮೈಕೆಲ್ ಪೊಟೆಗಾಲ್ ಮತ್ತು ರಿಚರ್ಡ್ ಡೇವಿಡ್ಸನ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 18 ತಿಂಗಳಿಂದ 5 ವರ್ಷದೊಳಗಿನ ಮಕ್ಕಳ ರಚ್ಚೆಗಳಲ್ಲಿ ನಾಲ್ಕರಲ್ಲಿ ಮೂರು ಪಾಲು 5 ನಿಮಿಷದೊಳಗೆ ಮುಗಿದಿದ್ದವು. ಸಿಟ್ಟು ಮೊದಮೊದಲು ಏರಿ ಬೇಗ ಇಳಿಯುತ್ತದೆ, ದುಃಖ ಉದ್ದಕ್ಕೂ ಇರುತ್ತದೆ, ಕೊನೆಗೆ ಮಗು ಸಮಾಧಾನ ಹುಡುಕುತ್ತದೆ. ನಿಮ್ಮ ಕೆಲಸವೆಲ್ಲ ಈ ಕ್ರಮಕ್ಕೆ ಹೊಂದಿಕೊಂಡಿರಬೇಕು.

ಶುರುವಾದ ಕೂಡಲೇ ಕೆಳಗೆ ಕೂರಿ, ನಿಮ್ಮ ಕಣ್ಣು ಅವಳ ಕಣ್ಣಿನ ಮಟ್ಟಕ್ಕೋ ಅದಕ್ಕಿಂತ ಕೆಳಗೋ ಇರಲಿ. ಎದುರಾಬದುರಾ ಬೇಡ, ಸ್ವಲ್ಪ ಓರೆಯಾಗಿ, ಒಂದು ತೋಳಿನಷ್ಟು ದೂರದಲ್ಲಿ. ಮಾತಾಡುವ ಮೊದಲು ಮೂರು ನಾಲ್ಕು ಸಲ ಉಸಿರಾಡಿ: 4 ಎಣಿಸುವಷ್ಟು ಒಳಗೆ, 6 ಎಣಿಸುವಷ್ಟು ಹೊರಗೆ. ಹೊರಗೆ ಬಿಡುವ ಉಸಿರು ಉದ್ದವಾದರೆ ಎದೆಬಡಿತ ನಿಧಾನವಾಗುತ್ತದೆ. ಇದು ನಿಮಗಾಗಿ. ಅವಳಿಗೆ "ಉಸಿರು ತಗೋ" ಎಂದು ಆಗ ಹೇಳಬೇಡಿ, ಅದೂ ಒಂದು ಆಜ್ಞೆಯೇ.

ಆಮೇಲೆ ಒಂದೇ ಒಂದು ಮಾತು, ಐದಾರು ಪದ ಮೀರದಂತೆ: "ಆಟ ನಿಲ್ಲಿಸಿದ್ದಕ್ಕೆ ಸಿಟ್ಟು ಬಂದಿದೆ." ಅಷ್ಟೇ. "ಯಾಕಮ್ಮಾ ಸಿಟ್ಟು?" ಎಂದು ಕೇಳಬೇಡಿ, ಆ ಸ್ಥಿತಿಯಲ್ಲಿ ಉತ್ತರ ಹುಡುಕಲು ಅವಳಿಗೆ ಆಗದು. ಹಿಂದೆಯೇ "ಆದರೆ" ಸೇರಿಸಬೇಡಿ. ಸೇರಿಸಿದರೆ ಮೊದಲು ಹೇಳಿದ್ದೆಲ್ಲ ಅಳಿಸಿಹೋಗುತ್ತದೆ. ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ದೊಡ್ಡವರ ಮೇಲೆ ನಡೆಸಿದ ಪ್ರಯೋಗದಲ್ಲಿ, ಚಿತ್ರದ ಮುಖದಲ್ಲಿದ್ದ ಭಾವನೆಗೆ ಹೆಸರು ಕೊಟ್ಟಾಗ ಮಿದುಳಿನಲ್ಲಿ ಭಯದಂಥ ಭಾವನೆಗಳಿಗೆ ಸ್ಪಂದಿಸುವ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ಇಳಿದದ್ದು ಕಂಡಿತು. ಹೆಸರಿಡುವುದಕ್ಕೆ ಬಲ ಇದೆ. ಆದರೆ ಅಳು ನಿಲ್ಲಿಸುವ ಸ್ವಿಚ್ಚಿನಂತೆ ಬಳಸಿ, ನಿಲ್ಲಲಿಲ್ಲವೆಂದು ಮತ್ತೆ ಮತ್ತೆ "ಸಿಟ್ಟು ಬಂದಿದೆ ಅಲ್ವಾ" ಎಂದರೆ ಕೆಣಕಿದಂತಾಗುತ್ತದೆ.

ಹೊಡೆಯಲು, ಎಸೆಯಲು ಬಂದರೆ ಮಣಿಕಟ್ಟನ್ನು ಬಿಗಿ ಇಲ್ಲದೆ ಹಿಡಿದು, "ಹೊಡೆಯೋಕೆ ಬಿಡಲ್ಲ" ಎನ್ನಿ. ಶಾಂತವಾಗಿರುವುದು ಎಂದರೆ ಹೇಳಿದ್ದನ್ನು ಸಡಿಲ ಬಿಡುವುದಲ್ಲ. ಆಟ ಮುಗಿಯಿತು ಎಂದಿದ್ದರೆ ಮುಗಿಯಿತು. ಹತ್ತರಲ್ಲಿ ಒಂದು ಸಲ ಅಳುವಿಗೆ ಸೋತು ಕೊಟ್ಟರೆ, ಪ್ರತಿ ಸಲವೂ ಆ ಒಂದು ಸಲ ಬರುವ ತನಕ ಅಳಬೇಕು ಎಂದು ಮಗು ಕಲಿಯುತ್ತದೆ. ಕೊಡುವುದೇ ಆದರೆ ಅಳು ಶುರುವಾಗುವ ಮೊದಲೇ ಕೊಡಿ.

ಇಲ್ಲಿಂದ ಮುಂದೆ ಕಾಯುವುದು. ತುಂಬ ಜನ ಎಡವುವುದು ಇಲ್ಲೇ: ಸುಮ್ಮನಿರಿ ಎಂದರೆ ಕಲ್ಲಿನ ಮುಖ ಮಾಡಿಕೊಂಡು ಕೂರುತ್ತಾರೆ. ಎಡ್ವರ್ಡ್ ಟ್ರಾನಿಕ್ ಮತ್ತು ಜೊತೆಗಾರರು 1978ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನಗುನಗುತ್ತಾ ಮಾತಾಡಿಸುತ್ತಿದ್ದ ತಾಯಿ ಇದ್ದಕ್ಕಿದ್ದಂತೆ ಭಾವವಿಲ್ಲದ ಮುಖ ಮಾಡಿದಾಗ, ಹಸುಗೂಸು ಅವಳ ಗಮನ ಸೆಳೆಯಲು ಒದ್ದಾಡಿ ಕೊನೆಗೆ ಮುಖ ತಿರುಗಿಸಿಕೊಂಡಿತು. ನಿರ್ವಿಕಾರ ಮುಖ ಮಗುವಿಗೆ ಶಾಂತಿ ಅಲ್ಲ, ಯಾರೂ ಇಲ್ಲ ಎಂಬ ಅರ್ಥ. ಹುಬ್ಬು ಸಡಿಲವಿರಲಿ, ಭುಜ ಇಳಿದಿರಲಿ, ಅವಳು ನೋಡಿದಾಗ ನೀವೂ ನೋಡಿ, ತಲೆಯಾಡಿಸಿ. ಫೋನ್ ಕೈಯಲ್ಲಿ ಬೇಡವೇ ಬೇಡ.

ಸಿಟ್ಟು ಇಳಿಯುತ್ತಿರುವುದು ಕಿವಿಗೇ ಗೊತ್ತಾಗುತ್ತದೆ. ಸಿಟ್ಟಿನ ಕಿರುಚು ಚೂಪಾಗಿ, ತುಂಡು ತುಂಡಾಗಿ ಇರುತ್ತದೆ. ಆಮೇಲೆ ಅಳು ಉದ್ದಕ್ಕೆ ಎಳೆಯುತ್ತದೆ, ನಡುವೆ ಬಿಕ್ಕು ಬರುತ್ತದೆ, ಮುಷ್ಟಿ ಬಿಚ್ಚುತ್ತದೆ, ಮೈ ನಿಮ್ಮ ಕಡೆ ವಾಲುತ್ತದೆ, ನೀರು ಕೇಳಬಹುದು. ಅಪ್ಪಿಕೊಳ್ಳುವ ಹೊತ್ತು ಅದು. ಅದಕ್ಕೂ ಮೊದಲು ಬಲವಂತವಾಗಿ ಎತ್ತಿಕೊಂಡರೆ ಒದೆ ಬೀಳುತ್ತದೆ, ಅದು ನಿಮ್ಮನ್ನು ದೂರ ಮಾಡಿದ್ದಲ್ಲ, ಬೇಗ ಹೋದದ್ದರ ಫಲ.

ನೀವು ಹೇಳಬೇಕೆಂದಿದ್ದ ವಿವರಣೆಗೆ ಜಾಗ ಇದಾದ ಅರ್ಧ ಗಂಟೆಗೋ ಮಲಗುವ ಹೊತ್ತಿಗೋ. ಎರಡು ಮೂರು ನಿಮಿಷ ಸಾಕು. ಏನಾಯಿತು ಎಂಬುದನ್ನು ಕಥೆಯಂತೆ ಹೇಳಿ, ಮುಂದಿನ ಸಲ ಸಿಟ್ಟು ಬಂದರೆ ಏನು ಮಾಡಬಹುದು ಎಂಬ ಒಂದೇ ಉಪಾಯವನ್ನು ಅವಳಿಂದಲೇ ಹೊರಡಿಸಿ, ಒಂದು ಸಲ ಆಡಿ ತೋರಿಸಿ. ನೆಲಕ್ಕೆ ಕಾಲು ಬಡಿಯುವುದು, ದಿಂಬು ಒತ್ತುವುದು, "ನನಗೆ ಬೇಡ" ಎಂದು ಬಾಯಿಬಿಟ್ಟು ಹೇಳುವುದು, ಯಾವುದಾದರೂ ಸರಿ. ಸಿಟ್ಟಿನ ಹೊತ್ತಿಗೆ ಬೇಕಾದದ್ದನ್ನು ಸಮಾಧಾನದ ಹೊತ್ತಲ್ಲೇ ಅಭ್ಯಾಸ ಮಾಡಿಸಬೇಕು.

ಪದಗಳನ್ನೂ ಹೀಗೆ ದಿನಬಳಕೆಯಲ್ಲೇ ಕೂಡಿಸಿ. ಸಿಟ್ಟು, ಬೇಜಾರು ಎರಡಕ್ಕೇ ನಿಲ್ಲಬೇಡಿ. ನಿರಾಸೆ, ಗಾಬರಿ, ಸಂಕೋಚ, ಹೊಟ್ಟೆಕಿಚ್ಚು, ಅವಮಾನ, ನಿರಾಳ, ಎಲ್ಲವೂ ಕಿವಿಗೆ ಬೀಳಲಿ. ಸುಲಭದ ದಾರಿ ನಿಮ್ಮದೇ ಭಾವನೆಯನ್ನು ಜೋರಾಗಿ ಹೇಳಿಕೊಳ್ಳುವುದು: "ಕೀಲಿ ಸಿಗ್ತಿಲ್ಲ, ಗಾಬರಿ ಆಗ್ತಿದೆ, ಎದೆ ಹೊಡ್ಕೊಳ್ತಿದೆ, ಒಂದು ನಿಮಿಷ ಕೂತು ಯೋಚಿಸ್ತೀನಿ." ಭಾವನೆ, ಮೈಯಲ್ಲಿ ಅದರ ಗುರುತು, ಮುಂದಿನ ಹೆಜ್ಜೆ, ಮೂರೂ ಅವಳಿಗೆ ಒಟ್ಟಿಗೆ ಸಿಗುತ್ತವೆ.

ಅರ್ಧಕ್ಕರ್ಧ ರಚ್ಚೆಗಳ ಬೇರು ಭಾವನೆಯಲ್ಲಿ ಇರುವುದೂ ಇಲ್ಲ, ನಿದ್ದೆ ಹಸಿವಿನಲ್ಲಿ ಇರುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. 3ರಿಂದ 5 ವರ್ಷದವರಿಗೆ ಹಗಲಿನ ನಿದ್ದೆ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. ಮೊದಲು ಅದನ್ನು ನೋಡಿ. ಆಟದಿಂದ ಎಬ್ಬಿಸುವಾಗ "ಇನ್ನೈದು ನಿಮಿಷ" ಎನ್ನಬೇಡಿ, ಗಡಿಯಾರದ ಅಂದಾಜು ಅವಳಿಗಿಲ್ಲ. "ಇನ್ನೆರಡು ಸಲ ಜಾರು, ಆಮೇಲೆ ಹೊರಡೋಣ" ಎಂದರೆ ಅವಳು ಎಣಿಸಬಲ್ಲಳು.

ನೀವು ಕೂಗಿಬಿಟ್ಟ ದಿನವೂ ಬರುತ್ತದೆ. "ನಾನು ಕೂಗಿದೆ, ನಿನಗೆ ಹೆದರಿಕೆ ಆಯ್ತು. ತಪ್ಪು ನನ್ನದು." ಇಷ್ಟು ಹೇಳಿ ನಿಲ್ಲಿಸಿ. "ನೀನು ಹಾಗೆ ಮಾಡಿದ್ದಕ್ಕೆ" ಎಂದು ಬಾಲ ಸೇರಿಸಿದರೆ ಅದು ಕ್ಷಮೆ ಕೇಳಿದಂತಲ್ಲ.

ರಚ್ಚೆ ಆಗಾಗ 25 ನಿಮಿಷ ಮೀರುತ್ತಿದ್ದರೆ, ಅವಳು ತನಗೇ ಕಚ್ಚಿಕೊಳ್ಳುತ್ತಿದ್ದರೆ, ತಲೆ ಚಚ್ಚಿಕೊಳ್ಳುತ್ತಿದ್ದರೆ, ಅಥವಾ ಮೊದಲು ಆಡುತ್ತಿದ್ದ ಮಾತು ಕಡಿಮೆಯಾಗಿದ್ದರೆ ಇದನ್ನೆಲ್ಲ ನಂಬಿ ಕೂರಬೇಡಿ, ಮಕ್ಕಳ ವೈದ್ಯರಿಗೆ ತೋರಿಸಿ. ಹೋಗುವ ಮೊದಲು ಎರಡು ವಾರ ಬರೆದಿಡಿ: ಎಷ್ಟು ಹೊತ್ತಿಗೆ ಶುರುವಾಯಿತು, ಎಷ್ಟು ನಿಮಿಷ ನಡೆಯಿತು, ಅದಕ್ಕೆ ಮೊದಲು ಏನಾಗಿತ್ತು, ಹಿಂದಿನ ರಾತ್ರಿ ಎಷ್ಟು ನಿದ್ದೆ. ಆ ಹಾಳೆ ಜೊತೆಗಿದ್ದರೆ ಅವರ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲಿಗೆ ಉತ್ತರ ಸಿದ್ಧವಿರುತ್ತದೆ.