ಓದುಗರ ಪ್ರಶ್ನೆ, ನಮ್ಮ ಉತ್ತರ: ಫಾರ್ಮ್ಯಾಟ್ ಮಾಡುವ ಮುನ್ನ

ಪ್ರಶ್ನೆ: ಮಾನ್ಯರೇ, ನಾನು ನಿವೃತ್ತ ಶಿಕ್ಷಕಿ. ಮಗಳ ಮದುವೆಯ ಫೋಟೊ, ವಿಡಿಯೊಗಳೆಲ್ಲ 1 ಟಿಬಿಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನಲ್ಲಿವೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಅದು ಸರಿಯಾಗಿ ತೆರೆಯುತ್ತಿತ್ತು. ಹೊಸದರಲ್ಲಿ ಟೈಪ್-ಸಿ ಪೋರ್ಟ್‌ಗಳು ಮಾತ್ರ ಇರುವುದರಿಂದ ಹಬ್ ಮೂಲಕ ಜೋಡಿಸಿದ್ದೇನೆ. ದೀಪ ಉರಿಯುತ್ತದೆ, ಒಳಗೆ ಸಣ್ಣಗೆ ಟಿಕ್ ಟಿಕ್ ಸದ್ದು ಬರುತ್ತದೆ, ಆದರೆ ಡಿಸ್ಕ್ ಕಾಣಿಸುವುದಿಲ್ಲ. ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಮಾಡಿಸಬಹುದೇ?
– ಓದುಗರು, ರಾಜಾಜಿನಗರ

ಉತ್ತರ: ದಯವಿಟ್ಟು ಮಾಡಿಸಬೇಡಿ. ಫಾರ್ಮ್ಯಾಟ್ ಮಾಡಿದರೆ ಖಾಲಿ ಡಿಸ್ಕ್ ತಮ್ಮ ಕೈಗೆ ಬರಬಹುದು, ಫೋಟೊಗಳು ಬರುವುದಿಲ್ಲ. ತಾವು ಬರೆದಿರುವುದನ್ನು ನೋಡಿದರೆ ಮೊದಲು ಅನುಮಾನಿಸಬೇಕಾದದ್ದು ವಿದ್ಯುತ್ತಿನ ಕೊರತೆಯನ್ನು.

ಇಂಥ ಚಿಕ್ಕ ಡಿಸ್ಕ್‌ಗಳಿಗೆ ಪ್ರತ್ಯೇಕ ಅಡಾಪ್ಟರ್ ಇರುವುದಿಲ್ಲ. ಬೇಕಾದ ವಿದ್ಯುತ್ತನ್ನೆಲ್ಲ ಅವು ಯುಎಸ್‌ಬಿ ಕೇಬಲಿನಿಂದಲೇ ಪಡೆಯುತ್ತವೆ. ಯುಎಸ್‌ಬಿ 2.0 ಮಾನದಂಡದ ಪ್ರಕಾರ ಒಂದು ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪಿಯರ್, 3.0ರಲ್ಲಿ 900. ನಿಂತಿರುವ ಮೋಟಾರು ತಿರುಗಲು ಆರಂಭಿಸುವ ಮೊದಲ ಕೆಲವು ಕ್ಷಣಗಳಲ್ಲಿ ಡಿಸ್ಕಿಗೆ ಅತಿ ಹೆಚ್ಚು ವಿದ್ಯುತ್ ಬೇಕಾಗುತ್ತದೆ. ಅದೇ ಹಬ್ಬಿನಲ್ಲಿ ಮೌಸು, ಕೀಬೋರ್ಡು, ಪೆನ್‌ಡ್ರೈವುಗಳೂ ಇದ್ದರೆ ಇದ್ದಷ್ಟನ್ನು ಎಲ್ಲವೂ ಹಂಚಿಕೊಳ್ಳಬೇಕಾಗುವುದರಿಂದ, ದೀಪ ಉರಿಯುವಷ್ಟು ವಿದ್ಯುತ್ ಸಿಕ್ಕರೂ ಮೋಟಾರು ಪೂರ್ಣ ವೇಗಕ್ಕೆ ಏರದೆ ಸೋತು ಮತ್ತೆ ಪ್ರಯತ್ನಿಸುತ್ತದೆ. ತಮಗೆ ಕೇಳಿಸುತ್ತಿರುವ ಸದ್ದು ಅದೇ ಇರಬಹುದು.

ಆದ್ದರಿಂದ ಹಬ್ಬನ್ನು ಬದಿಗಿಟ್ಟು, ಒಂದು ತುದಿಯಲ್ಲಿ ಟೈಪ್-ಸಿ, ಇನ್ನೊಂದು ತುದಿಯಲ್ಲಿ ತಮ್ಮ ಡಿಸ್ಕಿಗೆ ಹೊಂದುವ ಪಿನ್ ಇರುವ ಗಿಡ್ಡ ಕೇಬಲಿನಿಂದ ನೇರವಾಗಿ ಜೋಡಿಸಿ ನೋಡಿ. ಇಂಥ ಹೆಚ್ಚಿನ ಡಿಸ್ಕ್‌ಗಳಲ್ಲಿರುವುದು ಮೈಕ್ರೊ-ಬಿ ಎಂಬ, ಎರಡು ಭಾಗಗಳಾಗಿ ಕಾಣುವ ಅಗಲ ಪಿನ್. ಕೇಬಲ್ ಕೊಳ್ಳಲು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಎಸ್.ಪಿ. ರಸ್ತೆಗೆ ಹೋಗುವುದಾದರೆ ಡಿಸ್ಕನ್ನೇ ಜೊತೆಯಲ್ಲಿ ಒಯ್ದು, ಪಿನ್ ಅಲುಗಾಡದೆ ಕೂರುತ್ತದೆಯೇ ಎಂದು ಅಲ್ಲಿಯೇ ನೋಡಿ ಕೊಳ್ಳುವುದು ಒಳ್ಳೆಯದು. ಹಬ್ ಬೇಕೇ ಬೇಕೆಂದಿದ್ದರೆ ತನ್ನದೇ ಅಡಾಪ್ಟರ್ ಇರುವಂಥದ್ದನ್ನು ಆರಿಸಿ. ಹಳೆಯ ಲ್ಯಾಪ್‌ಟಾಪ್ ಇನ್ನೂ ಮನೆಯಲ್ಲಿದ್ದರೆ ಅದಕ್ಕೂ ಒಮ್ಮೆ ಜೋಡಿಸಿ. ಅಲ್ಲಿಯೂ ಅದೇ ಟಿಕ್ ಟಿಕ್ ಕೇಳಿಸಿದರೆ ಕೂಡಲೇ ಕೇಬಲ್ ಕಳಚಿಬಿಡಿ. ಆಗ ತೊಂದರೆ ಇರುವುದು ಡಿಸ್ಕಿನೊಳಗೆ ಮಾಹಿತಿಯನ್ನು ಓದುವ, ಬರೆಯುವ ಹೆಡ್ಡಿನಲ್ಲಿ ಎಂದು ಭಾವಿಸಬೇಕು. ಪುನಃ ಪುನಃ ಚಾಲೂ ಮಾಡಿದಷ್ಟೂ ಹಾನಿ ಹೆಚ್ಚಬಹುದಾದ್ದರಿಂದ, ಡೇಟಾ ರಿಕವರಿಯನ್ನೇ ವೃತ್ತಿಯಾಗಿ ಮಾಡುವವರ ಬಳಿಗೆ ಒಯ್ಯುವುದೊಂದೇ ದಾರಿ.

ಸದ್ದು ನಿಂತು ಮೋಟಾರು ಸರಾಗವಾಗಿ ತಿರುಗುತ್ತಿದ್ದರೂ ಡಿಸ್ಕ್ ಕಾಣಿಸದಿದ್ದರೆ, ಸ್ಟಾರ್ಟ್ ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ಡಿಸ್ಕ್ ಅಲ್ಲಿದ್ದು ಅದಕ್ಕೆ ಡ್ರೈವ್ ಅಕ್ಷರ ಮಾತ್ರ ಇಲ್ಲದಿದ್ದರೆ, ‘ಚೇಂಜ್ ಡ್ರೈವ್ ಲೆಟರ್’ ಆಯ್ಕೆಯಲ್ಲಿ ಒಂದು ಅಕ್ಷರ ಕೊಟ್ಟರೆ ಸಾಕು, ಒಳಗಿನ ಕಡತಗಳಿಗೆ ಏನೂ ಆಗುವುದಿಲ್ಲ. ‘ರಾ’ (ಒಳಗಿನ ಕಡತ ವ್ಯವಸ್ಥೆಯನ್ನು ವಿಂಡೋಸ್ ಗುರುತಿಸಲಾಗಿಲ್ಲ) ಎಂದು ತೋರಿಸಿದರೆ, ಅಥವಾ ‘ಇನಿಷಿಯಲೈಸ್’ ಮಾಡಬೇಕೆಂಬ ಕಿಟಕಿ ತಾನಾಗಿ ತೆರೆದುಕೊಂಡರೆ, ‘ಕ್ಯಾನ್ಸಲ್’ ಒತ್ತಿ. ಒಪ್ಪಿಗೆ ಕೊಟ್ಟರೆ ಡಿಸ್ಕಿನ ಭಾಗಗಳು ಎಲ್ಲೆಲ್ಲಿವೆ ಎಂದು ಹೇಳುವ ಪಾರ್ಟಿಶನ್ ಪಟ್ಟಿ ಹೊಸದಾಗಿ ಹಳೆಯದರ ಮೇಲೆ ಬರೆಯಲ್ಪಡುತ್ತದೆ. ಡಿಸ್ಕಿನ ದೋಷಗಳನ್ನು ಹುಡುಕಿ ಸರಿಪಡಿಸುವ ವಿಂಡೋಸ್‌ನ ‘ಚೆಕ್‌ಡಿಸ್ಕ್’ ಓಡಿಸಿ ಎಂಬ ಸಲಹೆಯನ್ನೂ ಹಲವರು ಕೊಡುತ್ತಾರೆ. ಡಿಸ್ಕ್ ಗಟ್ಟಿಯಾಗಿದ್ದಾಗ ಅದು ಉಪಯುಕ್ತವೇ. ಸಾಯುತ್ತಿರುವ ಡಿಸ್ಕಿನ ಮೇಲೆ ಮಾತ್ರ ಅದು ದುರಸ್ತಿಯ ಹೆಸರಿನಲ್ಲಿ ಇದ್ದ ಕಡತಗಳನ್ನೂ ಚೂರು ಮಾಡಬಲ್ಲದು. ಡಿಸ್ಕ್ ತೆರೆದ ತಕ್ಷಣ ಮೊದಲು ಮದುವೆಯ ಫೋಲ್ಡರನ್ನು, ಆಮೇಲೆ ಉಳಿದದ್ದನ್ನು ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಪರೀಕ್ಷೆ, ದುರಸ್ತಿಗಳೆಲ್ಲ ಅನಂತರ.

ಪ್ರಶ್ನೆ: ಎಂಜಿನಿಯರಿಂಗ್ ವಿದ್ಯಾರ್ಥಿ ನಾನು. ಲ್ಯಾಪ್‌ಟಾಪಿನ 256 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ (ಮೋಟಾರಿಲ್ಲದ, ಚಿಪ್‌ಗಳಲ್ಲಿ ಕಡತ ಉಳಿಸುವ ಡ್ರೈವ್) ತೆಗೆದು 1 ಟಿಬಿಯದನ್ನು ಹಾಕಿದೆ. ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಚಾಲೂ ಆಗುವ ಲ್ಯಾಪ್‌ಟಾಪಿನ ಮೂಲ ತಂತ್ರಾಂಶ) ಹೊಸ ಎಸ್‌ಎಸ್‌ಡಿ ಹೆಸರು ಕಾಣುತ್ತದೆ, ವಿಂಡೋಸ್ 11 ಹಾಕಲು ಹೋದರೆ ಡ್ರೈವ್ ಪಟ್ಟಿ ಖಾಲಿ. ಹಳೆಯದನ್ನು ಎನ್‌ಕ್ಲೋಷರಿಗೆ (ಡ್ರೈವನ್ನು ಹೊರಗಿನಿಂದ ಜೋಡಿಸುವ ಪೆಟ್ಟಿಗೆ) ಹಾಕಿ ಗೆಳೆಯನ ಲ್ಯಾಪ್‌ಟಾಪಿಗೆ ಜೋಡಿಸಿದರೆ ಏನೋ ‘ರಿಕವರಿ ಕೀ’ ಕೇಳುತ್ತದೆ. ನಾನು ಯಾವ ಪಾಸ್‌ವರ್ಡನ್ನೂ ಇಟ್ಟಿರಲಿಲ್ಲ.
– ಓದುಗರು, ಕೆಂಗೇರಿ

ಉತ್ತರ: ಬಯೋಸ್‌ಗೆ ಕಾಣಿಸಿದೆ ಎಂದ ಮೇಲೆ ಎಸ್‌ಎಸ್‌ಡಿ ಸರಿಯಾಗಿಯೇ ಕೂತಿದೆ. ಇಂಟೆಲ್‌ನ 11ನೇ ಪೀಳಿಗೆ ಮತ್ತು ಆನಂತರದ ಪ್ರೊಸೆಸರುಗಳಿರುವ ಅನೇಕ ಲ್ಯಾಪ್‌ಟಾಪುಗಳಲ್ಲಿ ಎಸ್‌ಎಸ್‌ಡಿಗಳನ್ನು ನಿರ್ವಹಿಸುವ ವಿಎಂಡಿ ಎಂಬ ವ್ಯವಸ್ಥೆ ಚಾಲೂ ಇರುತ್ತದೆ. ಅದರ ಡ್ರೈವರ್ ವಿಂಡೋಸ್ ಇನ್‌ಸ್ಟಾಲರಿನಲ್ಲಿ ಇಲ್ಲದಿದ್ದಾಗ ಪಟ್ಟಿ ಖಾಲಿಯಾಗಿ ಕಾಣುತ್ತದೆ. ನಿಮ್ಮ ಲ್ಯಾಪ್‌ಟಾಪ್ ತಯಾರಕರ ಜಾಲತಾಣದಿಂದ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರನ್ನು ಪಡೆದು, ಪೆನ್‌ಡ್ರೈವಿನಲ್ಲಿ ಬಿಚ್ಚಿಟ್ಟು, ಅದೇ ಪರದೆಯ ‘ಲೋಡ್ ಡ್ರೈವರ್’ ಒತ್ತಿ ತೋರಿಸಿ. ಬಯೋಸ್‌ನಲ್ಲಿ ವಿಎಂಡಿಯನ್ನೇ ಆಫ್ ಮಾಡುವ ದಾರಿಯೂ ಇದೆ, ಹೊಸದಾಗಿ ವಿಂಡೋಸ್ ಹಾಕುವವರಿಗೆ ಅದು ಸುಲಭ. ಈಗಾಗಲೇ ವಿಂಡೋಸ್ ನಡೆಯುತ್ತಿರುವ ಲ್ಯಾಪ್‌ಟಾಪಿನಲ್ಲಿ ಮಾತ್ರ ಇದನ್ನು ಹಠಾತ್ತನೆ ಬದಲಿಸಬಾರದು. ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ನೀಲಿ ಪರದೆ ಬಂದು ನಿಲ್ಲುವ ಸಂಭವವಿದೆ.

ಹಳೆಯ ಎಸ್‌ಎಸ್‌ಡಿ ಕೆಟ್ಟಿಲ್ಲ, ಅದಕ್ಕೆ ಬೀಗ ಬಿದ್ದಿದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಬಿಟ್‌ಲಾಕರ್ ಗೂಢಲಿಪೀಕರಣ ಬಳಕೆದಾರರ ಗಮನಕ್ಕೆ ಬಾರದೆ ಆರಂಭವಾಗಿರುತ್ತದೆ. ಅದೇ ಲ್ಯಾಪ್‌ಟಾಪಿನಲ್ಲಿದ್ದಷ್ಟು ದಿನ ಅದರೊಳಗೆ ಕೀಗಳನ್ನು ಕಾಯ್ದಿಡುವ ಟಿಪಿಎಂ ಚಿಪ್ ತಾನೇ ಬೀಗ ತೆಗೆಯುತ್ತಿತ್ತು, ಎನ್‌ಕ್ಲೋಷರಿನಲ್ಲಿ ಆ ಸಹಾಯ ಇಲ್ಲ. 48 ಅಂಕಿಗಳ ರಿಕವರಿ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿಯೇ ಇರುತ್ತದೆ. ಬ್ರೌಸರಿನಲ್ಲಿ ಖಾತೆ ತೆರೆದು ಸಾಧನಗಳ ವಿಭಾಗದಲ್ಲಿ ಹುಡುಕಿ. ಕಾಲೇಜು ಕೊಟ್ಟ ಇ-ಮೇಲಿನಿಂದ ಲಾಗಿನ್ ಆಗಿದ್ದರೆ ಆ ಖಾತೆಯಲ್ಲಿಯೂ ನೋಡಬೇಕು. ಕೀ ಸಿಗದಿದ್ದರೆ ಯಾವ ಅಂಗಡಿಯವರೂ ಅದನ್ನು ತೆರೆಯಲಾರರು, ತೆರೆದುಕೊಡುತ್ತೇವೆ ಎನ್ನುವವರಿಗೆ ಹಣ ಕೊಡಬೇಡಿ. ಎಸ್‌ಎಸ್‌ಡಿ ಬದಲಿಸಲು ಹೊರಟಿರುವ ಇತರ ಓದುಗರು ಸ್ಕ್ರೂ ಬಿಚ್ಚುವ ಮೊದಲೇ ಈ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಪ್ರಶ್ನೆ: 64 ಜಿಬಿ ಪೆನ್‌ಡ್ರೈವಿನಲ್ಲಿ 50 ಜಿಬಿ ಜಾಗವಿದ್ದರೂ 6 ಜಿಬಿಯ ವಿಡಿಯೊ ಹಾಕಲು ಹೋದರೆ ‘ಫೈಲ್ ತುಂಬಾ ದೊಡ್ಡದು’ ಎಂಬ ಸಂದೇಶ ಬರುತ್ತದೆ. ಏಕೆ?
– ಓದುಗರು, ಜಯನಗರ

ಉತ್ತರ: ಪೆನ್‌ಡ್ರೈವ್ ಕಡತಗಳನ್ನು ಜೋಡಿಸಿಡುವ ಫ್ಯಾಟ್32 ಎಂಬ ವಿಧಾನದಲ್ಲಿದೆ, ಅದರಲ್ಲಿ ಒಂದು ಕಡತ 4 ಜಿಬಿಗಿಂತ ಚಿಕ್ಕದಾಗಿರಬೇಕು. ಒಳಗಿರುವುದನ್ನೆಲ್ಲ ಲ್ಯಾಪ್‌ಟಾಪಿಗೆ ನಕಲು ಮಾಡಿಕೊಂಡ ಮೇಲೆ ಎಕ್ಸ್‌ಫ್ಯಾಟ್ ಎಂಬ ಇನ್ನೊಂದು ವಿಧಾನವನ್ನು ಆರಿಸಿ ಫಾರ್ಮ್ಯಾಟ್ ಮಾಡಿ. ವಿಂಡೋಸ್, ಮ್ಯಾಕ್ ಎರಡರಲ್ಲಿಯೂ ಅದನ್ನು ಓದಬಹುದು, ಬರೆಯಬಹುದು. ವಿಡಿಯೊವನ್ನು ಟಿವಿಯಲ್ಲಿ ನೋಡುವುದಾದರೆ ಟಿವಿ ಎಕ್ಸ್‌ಫ್ಯಾಟ್ ಓದುತ್ತದೆಯೇ ಎಂದು ಅದರ ಕೈಪಿಡಿಯಲ್ಲಿ ಮೊದಲೇ ನೋಡಿಕೊಳ್ಳಿ.